ತಂಗಿಯ ಗಂಡ ಊರಿಗೆ ಬಂದ

“ಎದ್ದೇಳೋ! ಸಾಕು ಮಾಡು ನಿನ್ನ ನಾಟಕ!”

ಸುಬೇದಾರ್ ಚಿಕ್ಕತಿಮ್ಮಪ್ಪನ ಗಡಸು ದನಿಗೆ ಪಡಸಾಲೆಯಲ್ಲಿ ಊಟಕ್ಕೆ ಕುಳಿತವರೆಲ್ಲ ತುತ್ತೆತ್ತಿದ ಕೈಯನ್ನು ಹಾಗೇ ನಿಲ್ಲಿಸಿಬಿಟ್ಟರು. ಹಿರಿಯೂರಿನಲ್ಲಿ ಅವನು ಕಟ್ಟಿಸಿದ ಹೊಸ ಮನೆಯ ಗೃಹಪ್ರವೇಶದ ದಿನ ಅದು. ಪಾಯಸದ ಪಾತ್ರೆ ಹೊತ್ತು ಅಡುಗೆಮನೆಯಿಂದ ಬರುತ್ತಿದ್ದ ಅಂಜನಪ್ಪ, ಹೊಸ್ತಿಲು ದಾಟುತ್ತಲೇ ತಲೆ ಸುತ್ತಿ, ಗೋಡೆಗೆ ಕೈಚಾಚಿ, ಗೋಡೆಯೂ ಸಿಗದೆ ಕುಸಿದುಬಿದ್ದಿದ್ದ. ಪಾಯಸ ನೆಲದ ತುಂಬ ಹರಿದಿತ್ತು. ಅವನ ಹೆಂಡತಿ ಮುದ್ದಕ್ಕ ಓಡಿಬಂದು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು.

“ನಾಟಕ ಅಲ್ಲ ಭಾವ... ಲಡಾಯಿಯಾಗೆ ಏನಾಯ್ತು ಅಂತ ನಿಮಗೇ ಗೊತ್ತೈತಲ್ಲ! ನೀವೇ ಹಿಂಗಂದ್ರೆ ಹೆಂಗೆ?”

ಚಿಕ್ಕತಿಮ್ಮಪ್ಪ ಅಂಗಳಕ್ಕೆ ನಡೆದುಬಿಟ್ಟ. ಅವನ ಹೆಂಡತಿ ಕಾಳಕ್ಕ ನೆಲ ಒರೆಸಲು ಬಟ್ಟೆ ತಂದವಳು ಅಲ್ಲೇ ನಿಂತಳು. ಅವಳ ಕಣ್ಣು ಚೆಲ್ಲಿದ ಪಾಯಸದ ಮೇಲಿರಲಿಲ್ಲ. ತಂಗಿ ಮುದ್ದಕ್ಕನ ಬೆರಳುಗಳು ಗಂಡನ ಹಣೆಯ ಬೆವರನ್ನು ಒರೆಸುತ್ತಿದ್ದವು. ಅವನು ಕಣ್ಣು ಮುಚ್ಚಿಕೊಂಡೇ ಆ ಕೈಯನ್ನು ಹಿಡಿದುಕೊಂಡಿದ್ದ. ತನ್ನ ಕೈಯನ್ನು ಹಾಗೆ ಯಾರಾದರೂ ಹಿಡಿದು ಎಷ್ಟು ಕಾಲವಾಯಿತು! ಕಾಳಕ್ಕನ ಎದೆಯಲ್ಲಿ ಏನೋ ಚುರುಕ್ಕೆಂದಿತು.

ಅಕ್ಕತಂಗಿಯರಿಬ್ಬರೂ ಜವನಗೊಂಡನಹಳ್ಳಿಯ ಮೂಡಲಗಿರಿಯಪ್ಪನ ಮಕ್ಕಳು. ಕುರಿ ಸಾಕಿ ಬದುಕಿದ ಮನೆತನ. ಹಿರಿಯವಳನ್ನು ಸೈನ್ಯದಲ್ಲಿದ್ದವನಿಗೆ ಕೊಟ್ಟಾಗ ಊರೆಲ್ಲ ಅವಳ ಅದೃಷ್ಟವನ್ನು ಹೊಗಳಿತ್ತು. ಆದರೆ ಆ ಅದೃಷ್ಟ ವರ್ಷಕ್ಕೊಮ್ಮೆ ರಜೆಯ ಮೇಲೆ ಬಂದು, ಹಾಸಿಗೆ ಬೆಚ್ಚಗಾಗುವಷ್ಟರಲ್ಲಿ ಟ್ರಂಕು ಹೊತ್ತು ರೈಲು ಹತ್ತುತ್ತಿತ್ತು. ಮಕ್ಕಳಾಗಲಿಲ್ಲ. ತಂಗಿಯನ್ನು ಯಲ್ಲದಕೆರೆಯ ಅಂಜನಪ್ಪನಿಗೆ ಕೊಟ್ಟ ಮೇಲೆ ಚಿಕ್ಕತಿಮ್ಮಪ್ಪನೇ ಷಡ್ಡಕನನ್ನು ತನ್ನ ಪಲ್ಟನ್ನಿಗೆ ಸೇರಿಸಿದ. ಆಗ ಕಾಳಕ್ಕನಿಗೆ ಒಳಗೊಳಗೇ ಸಮಾಧಾನವಾಗಿತ್ತು. ಇನ್ನು ಮೇಲೆ ಇಬ್ಬರೂ ಒಂದೇ ಥರ ಕಾಯುತ್ತೇವಲ್ಲ ಎಂದುಕೊಂಡಿದ್ದಳು.

ಎಪ್ಪತ್ತೊಂದರ ಯುದ್ಧದಲ್ಲಿ ಶೆಲ್ ಸಿಡಿದು ಅಂಜನಪ್ಪ ಮಣ್ಣಿನಡಿ ಹೂತುಹೋಗಿದ್ದ. ಜೀವ ಉಳಿಯಿತು, ಬಲಗಿವಿ ಪೂರ್ತಿ ಹೋಯಿತು, ಎಡಗಿವಿ ಮಂದವಾಯಿತು, ತಲೆಸುತ್ತು ಅಂಟಿಕೊಂಡಿತು. ಪರೇಡಿನಲ್ಲಿ ಬಿದ್ದರೆ ಕಂಪನಿ ಕಮಾಂಡರ್ ಮೇಜರ್ ಸಾಹೇಬ, “ಡ್ಯೂಟಿ ತಪ್ಪಿಸಿಕೊಳ್ಳುವ ಕಳ್ಳ” ಎಂದು ಎಲ್ಲರೆದುರು ಬೈಯುತ್ತಿದ್ದ; ಬಿದ್ದವನನ್ನೇ ಎಬ್ಬಿಸಿ ಬೇರೆಯವರ ಪಹರೆಯನ್ನೂ ಅವನ ತಲೆಗೆ ಕಟ್ಟುತ್ತಿದ್ದ. ಅಂಜನಪ್ಪ ಎದುರಾಡಲಿಲ್ಲ. ಗೋಡೆ ಹಿಡಿದು ನಡೆಯುವುದನ್ನು, ಮಾತಾಡುವವರ ತುಟಿ ನೋಡಿ ತಿಳಿಯುವುದನ್ನು ತಾನೇ ಕಲಿತ. ಕೊನೆಗೆ ಬೆಂಗಳೂರಿನ ಮಿಲಿಟರಿ ಆಸ್ಪತ್ರೆಯ ಡಾಕ್ಟರು ಮೆಡಿಕಲ್ ಬೋರ್ಡಿನ ಮುಂದೆ ಬರಬೇಕೆಂದು ಹೇಳಿ, ಅಲ್ಲಿಯವರೆಗೆ ಮನೆಗೆ ಕಳುಹಿಸಿದ್ದರು. ಕಾಯಿಲೆ ಯುದ್ಧದಿಂದ ಬಂದದ್ದೆಂದು ಬೋರ್ಡು ಒಪ್ಪಿದರೆ ಪೆನ್ಷನ್ ಕೊಟ್ಟು ಮಾನವಾಗಿ ಮನೆಗೆ ಕಳುಹಿಸುತ್ತಿದ್ದರು. ಒಪ್ಪದಿದ್ದರೆ ಮತ್ತೆ ಅದೇ ಮೇಜರನ ಕೈಕೆಳಗೆ, ಕಳ್ಳನೆಂಬ ಹೆಸರು ಹೊತ್ತು! ಅದನ್ನು ತೀರ್ಮಾನಿಸಲು ಪಲ್ಟನ್ನಿನವರ ಮಾತು ಬೇಕಿತ್ತು. ರಜೆಗೆ ಹೊರಟಿದ್ದ ಚಿಕ್ಕತಿಮ್ಮಪ್ಪನಿಗೆ ಮೇಜರ್ ಸಾಹೇಬ, “ನಿನ್ನ ಕಡೆಯವನಲ್ಲವೇ, ವಾಪಸು ಬರುವಾಗ ಬೋರ್ಡಿನ ಮುಂದೆ ನೀನೇ ಹೇಳಿ ಬಾ. ಏನು ಹೇಳಬೇಕು ಅಂತ ನಿನಗೆ ಗೊತ್ತು” ಎಂದು ಹೇಳಿ ಕಳುಹಿಸಿದ್ದ.

ನೆಂಟರೆಲ್ಲ ಹೋದ ಮೇಲೆ, ಸಂಜೆ, ಚಿಕ್ಕತಿಮ್ಮಪ್ಪ ಅಂಗಳದಲ್ಲಿ ಬೀಡಿ ಹಚ್ಚಿ ಕುಳಿತಿದ್ದ. ಕಾಳಕ್ಕ ಹತ್ತಿರ ಬಂದು ಕುಕ್ಕರಗಾಲಲ್ಲಿ ಕುಳಿತಳು.

“ಬೋರ್ಡ್‌ನಾಗೆ ಏನ್ ಹೇಳ್ತೀರಿ?”

“ಅದೇ ತಿಳೀವಲ್ದು. ನಿಜ ಹೇಳಿದ್ರೆ ಮೇಜರ್ ಸಾಹೇಬ ನನ್ನ ಸುಮ್ಮನೆ ಬಿಡಲ್ಲ. ಸುಳ್ಳು ಹೇಳಾಕೆ ನಾಲಿಗೆ ಬರಲ್ಲ. ಮಣ್ಣಿನಿಂದ ಅವನ್ನ ಎಳೆದು ತೆಗೆದೋನೇ ನಾನು.”

ಕಾಳಕ್ಕ ನೆಲ ನೋಡುತ್ತಾ ಕುಳಿತಳು. ಅವಳ ಕಣ್ಣ ಮುಂದೆ ಯಲ್ಲದಕೆರೆಯ ಮನೆ ಬಂತು. ಬೆಳಿಗ್ಗೆ ಗಂಡನಿಗೆ ರೊಟ್ಟಿ ತಟ್ಟುವ ಮುದ್ದಿ. ಸಂಜೆ ಗಂಡ ಕುರಿ ಹೊಡೆದುಕೊಂಡು ಬರುವುದನ್ನು ಬಾಗಿಲಲ್ಲಿ ನಿಂತು ನೋಡುವ ಮುದ್ದಿ. ವರ್ಷವಿಡೀ! ಜೀವಮಾನವಿಡೀ! ಮತ್ತೆ ತಾನು...? ಈ ಹೊಸ ಗೋಡೆಗಳ ನಡುವೆ ಒಬ್ಬಳೇ ಕೂತು ಯಾರಿಗಾಗಿ ಅಡುಗೆ ಮಾಡಬೇಕು?

“ಅವ್ನಿಗೆ ಚಿಕ್ಕಂದಿನಿಂದ್ಲೂ ತಲೆಸುತ್ತು ಇತ್ತು” ಎಂದಳು ಕಾಳಕ್ಕ.

“ಏನಂದೆ?”

“ಮದುವೇಗೆ ಮುಂಚೇನೇ ಇತ್ತಂತೆ. ಮುಚ್ಚಿಟ್ಟು ನಮ್ಮ ಮುದ್ದೀನ ತಂದ್ಕಂಡ್ರು. ಮುದ್ದೀನೇ ನನ್ನತ್ರ ಹೇಳಿ ಅತ್ತವ್ಳೆ.”

ಸುಳ್ಳು ಎಷ್ಟು ಸಲೀಸಾಗಿ ಬಂತು! ಅವಳಿಗೇ ಬೆರಗಾಯಿತು. ಚಿಕ್ಕತಿಮ್ಮಪ್ಪ ಅವಳ ಮುಖವನ್ನು ದಿಟ್ಟಿಸಿದ. ನಂಬಬೇಕೆಂಬ ಆಸೆ ಅವನಿಗೂ ಇತ್ತು. ಯುದ್ಧ ಮುಗಿದ ಮೇಲೆ ಜವಾನರ ಬಾಯಲ್ಲೆಲ್ಲ, ಶೆಲ್ ಸಿಡಿಯುವವರೆಗೂ ಜಾಗ ಬಿಡದ ಅಂಜನಪ್ಪನ ಧೈರ್ಯದ ಮಾತೇ. ಅವನನ್ನು ಎಳೆದು ಉಳಿಸಿದವನ ಹೆಸರನ್ನು ಯಾರೂ ಎತ್ತಿರಲಿಲ್ಲ. ಆ ಮುಳ್ಳು ಅವನೊಳಗೆ ಮುರಿದುಕೊಂಡು ಉಳಿದಿತ್ತು.

“ಹಂಗಾದ್ರೆ ಸರಿ ಬಿಡು” ಎಂದು ಬೀಡಿಯನ್ನು ಹೊಸಕಿ ಹಾಕಿದ.

ರಜೆ ಮುಗಿಯಿತು. ಬೋರ್ಡಿನ ಕೆಲಸ ಮುಗಿಸಿ ಬೆಂಗಳೂರಿನಿಂದಲೇ ರೈಲು ಹತ್ತಬೇಕಿದ್ದ ಗಂಡನನ್ನು ಬೀಳ್ಕೊಡುವ ನೆಪದಲ್ಲಿ ಕಾಳಕ್ಕನೂ ಜೊತೆಗೆ ಬಸ್ಸು ಹತ್ತಿದಳು. ಆಸ್ಪತ್ರೆಯ ಉದ್ದನೆಯ ವರಾಂಡದಲ್ಲಿ ಅಂಜನಪ್ಪ ಇಸ್ತ್ರಿ ಮಾಡಿದ ಯೂನಿಫಾರಂ ತೊಟ್ಟು ಬೆಂಚಿನ ಮೇಲೆ ಕುಳಿತಿದ್ದ. ಬಗ್ಗಿದರೆ ತಲೆ ತಿರುಗುತ್ತದೆಂದು ಮುದ್ದಕ್ಕ ಮಂಡಿಯೂರಿ ಅವನ ಬೂಟಿನ ದಾರ ಕಟ್ಟುತ್ತಿದ್ದಳು. ಅಕ್ಕನನ್ನು ಕಂಡದ್ದೇ ಅವಳ ಮುಖ ಅರಳಿತು.

“ಬಂದ್ಯಾ ಅಕ್ಕ! ಬಾ, ಕುಂತ್ಕ. ಭಾವಾನೇ ಬಂದವ್ರಲ್ಲ, ಇನ್ನು ನಮಗೇನೂ ಭಯ ಇಲ್ಲ. ಇವ್ರು ರಾತ್ರಿಯಿಂದ ನೀರೂ ಕುಡಿದಿಲ್ಲ ಅಕ್ಕ... ‘ನನ್ನ ಕಳ್ಳ ಅಂದುಬಿಟ್ರೆ ನಾನು ಊರಿಗೆ ಹೆಂಗೆ ಮುಖ ತೋರಿಸ್ಲಿ’ ಅಂತಾರೆ. ಭಾವ ಇರೋವಾಗ ಹಂಗೆಲ್ಲ ಆಗಲ್ಲ ಅಂತ ನಾನೇ ಧೈರ್ಯ ಹೇಳ್ದೆ.”

ಕಾಳಕ್ಕ ತಂಗಿಯ ಮುಖ ನೋಡಲಾರದೆ ಬೆಂಚಿನ ತುದಿಯಲ್ಲಿ ಕುಳಿತಳು. ಅಷ್ಟರಲ್ಲಿ ಸಿಪಾಯಿಯೊಬ್ಬ ಬಂದು ಇಬ್ಬರು ಗಂಡಸರನ್ನೂ ಒಳಗೆ ಕರೆದ. ಬಾಗಿಲು ಅರ್ಧ ತೆರೆದೇ ಇತ್ತು. ಒಳಗೆ ಮೂವರು ಡಾಕ್ಟರುಗಳು. ನಡುವೆ ಕುಳಿತಿದ್ದ ನರೆಗೂದಲಿನ ಕರ್ನಲ್ ಕನ್ನಡದಲ್ಲೇ ಕೇಳಿದರು:

“ಸುಬೇದಾರ್ ಸಾಹೇಬರೇ, ಕಿವಿ ಹೋಗಿರುವುದು, ತಲೆಸುತ್ತು ಇರುವುದು ನಮಗೆ ಕಾಣುತ್ತದೆ. ಈ ತಲೆಸುತ್ತು ಯಾವಾಗ ಬಂತು ಎಂಬುದನ್ನು ಪಲ್ಟನ್ನಿನವರು ಹೇಳಬೇಕು. ಯುದ್ಧದಲ್ಲೋ? ಮೊದಲೇ ಇತ್ತೋ?”

“ಮೊದಲೇ ಇತ್ತು ಸಾಬ್” ಎಂದ ಚಿಕ್ಕತಿಮ್ಮಪ್ಪ. “ಚಿಕ್ಕಂದಿನಿಂದ್ಲೂ.”

ಅಂಜನಪ್ಪನಿಗೆ ಕೇಳಿಸಲಿಲ್ಲ. ಅವನು ಷಡ್ಡಕನ ತುಟಿಗಳನ್ನೇ ನೋಡುತ್ತಿದ್ದ. ಅರ್ಥವಾದೊಡನೆ ಅವನ ಮುಖದ ರಕ್ತವೆಲ್ಲ ಇಳಿದುಹೋಯಿತು. “ಅಣ್ಣಾ...” ಎಂದ, ಅಷ್ಟೇ. ನೆಟ್ಟಗೆ ನಿಲ್ಲಲು ಹೆಣಗುತ್ತಾ ಹೆಣಗುತ್ತಾ ಅಲ್ಲಿಯೇ ಉರುಳಿದ.

ವರಾಂಡದಲ್ಲಿ ಮುದ್ದಕ್ಕ ಅಕ್ಕನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. “ಭಾವ ಯಾಕೆ ಹಂಗಂದ್ರು ಅಕ್ಕ? ಯಾಕೆ...?” ತನ್ನ ಸಂಕಟಕ್ಕೆ ಅವಳು ಹುಡುಕಿದ ಆಸರೆ ಆ ಸಂಕಟ ತಂದವಳ ಕೈಯೇ! ಕಾಳಕ್ಕನಿಗೆ ಇನ್ನು ತಡೆಯಲಾಗಲಿಲ್ಲ. ತಂಗಿಯ ಕೈ ಬಿಡಿಸಿಕೊಂಡಳು. ಸಿಪಾಯಿ ತಡೆದರೂ ಕೇಳದೆ ಒಳಗೆ ನುಗ್ಗಿದಳು.

“ಸುಳ್ಳು ಸಾಮಿ! ಆ ಮಾತು ಸುಳ್ಳು! ನನ್ನ ಗಂಡನ ಬಾಯಿಗೆ ಅದನ್ನ ಹಾಕಿದೋಳು ನಾನು! ಲಡಾಯಿಗೆ ಹೋಗೋ ವರ್ಷ ಇದೇ ಅಂಜನಪ್ಪ ನಮ್ಮ ತೋಟದಾಗೆ ತೆಂಗಿನಮರ ಹತ್ತಿ ಎಳನೀರು ಕೆಡವಿದ್ದ. ತಲೆಸುತ್ತು ಇದ್ದೋನು ಮರ ಹತ್ತುತಾನಾ ಸಾಮಿ?”

“ನೀವು ಯಾಕಮ್ಮ ಹಾಗೆ ಹೇಳಿಸಿದಿರಿ?” ಎಂದರು ಕರ್ನಲ್.

ಕಾಳಕ್ಕ ಬಾಗಿಲ ಕಡೆ ತಿರುಗಿದಳು. ಅಲ್ಲಿ ಮುದ್ದಕ್ಕ ಕಲ್ಲಿನಂತೆ ನಿಂತಿದ್ದಳು.

“ಇವಳ ಗಂಡ ಮನೇಲಿರ್ತಾನೆ ಅಂತ... ನನ್ನ ಗಂಡ ಇರಲ್ಲ ಅಂತ... ಅಷ್ಟೇ ಸಾಮಿ! ಹೊಟ್ಟೆಯುರಿ! ಬೇರೇನೂ ಇಲ್ಲ!”

ಚಿಕ್ಕತಿಮ್ಮಪ್ಪ ಬಗ್ಗಿ, ಷಡ್ಡಕನ ಕಂಕುಳಿಗೆ ಕೈಹಾಕಿ ಎತ್ತಿ ಕುರ್ಚಿಯ ಮೇಲೆ ಕೂರಿಸಿದ. ಆಮೇಲೆ ಕರ್ನಲ್ ಕಡೆ ತಿರುಗಿ ಸೆಟೆದು ನಿಂತ.

“ಅವಳು ಹೇಳಿದ್ದು ಖರೆ ಸಾಬ್. ಆದ್ರೆ ತಪ್ಪು ಅವಳೊಬ್ಬಳದೇ ಅಲ್ಲ. ಶೆಲ್ ಬಿದ್ದಾಗ ನಾನು ಪಕ್ಕದಾಗೇ ಇದ್ದೆ. ಮಣ್ಣು ಬಗೆದು ಇವನ್ನ ತೆಗೆದಾಗ ಕಿವಿಯಿಂದ ರಕ್ತ ಸುರೀತಿತ್ತು. ಗೊತ್ತಿದ್ದೂ ಸುಳ್ಳು ಹೇಳಿದೆ. ಏನು ಶಿಕ್ಷೆ ಕೊಟ್ರೂ ಅನುಭವಿಸ್ತೀನಿ.”

ಹೊರಗೆ ಬಂದು ಟ್ರಂಕು ಎತ್ತಿಕೊಂಡವನು ಹೆಂಡತಿಯ ಕಡೆ ತಿರುಗಿಯೂ ನೋಡಲಿಲ್ಲ. “ರೀ...” ಎಂದು ಅವಳು ಹಿಂದೆ ಓಡಿದಳು. ಅವನು ಗೇಟು ದಾಟಿಯಾಗಿತ್ತು.

ಅಂಜನಪ್ಪ ಪೆನ್ಷನ್ ಪಡೆದು ಮಾನವಾಗಿ ಯಲ್ಲದಕೆರೆಗೆ ಬಂದ. ಊರವರು ಬಸ್ ನಿಲ್ದಾಣಕ್ಕೇ ಹೋಗಿ ಹಾರ ಹಾಕಿ ಕರೆತಂದರೆಂದು ಕಾಳಕ್ಕ ಬೇರೆಯವರ ಬಾಯಲ್ಲಿ ಕೇಳಿದಳು. ಮುದ್ದಕ್ಕ ಅಕ್ಕನ ಮನೆಯ ಮೆಟ್ಟಿಲು ಹತ್ತಲಿಲ್ಲ. ಹಬ್ಬಕ್ಕೆ ತವರಿನಲ್ಲಿ ಎದುರಾದರೂ ತಲೆ ತಗ್ಗಿಸಿ ಪಕ್ಕಕ್ಕೆ ಸರಿದಳು. ಮೇಜರನ ಕೋಪಕ್ಕೆ ಗುರಿಯಾದ ಚಿಕ್ಕತಿಮ್ಮಪ್ಪನಿಗೆ ಸಿಗಬೇಕಿದ್ದ ಬಡ್ತಿ ಸಿಗಲಿಲ್ಲ. ರಜೆಯಿದ್ದರೂ ಅವನು ಊರ ಕಡೆ ಬರಲಿಲ್ಲ. ಅವನಿಲ್ಲದೆ ಎರಡು ದೀಪಾವಳಿ ಕಳೆದವು. ಕಾಳಕ್ಕ ಯಾರನ್ನೂ ದೂರಲಿಲ್ಲ. ಹೊಸ ಮನೆಯ ಗೋಡೆಗೆ ತಾನೇ ಸುಣ್ಣ ಬಳಿದಳು, ತೋಟಕ್ಕೆ ತಾನೇ ನೀರು ಕಟ್ಟಿದಳು, ಅಳು ಬಂದಾಗ ಬಾವಿಯ ಹತ್ತಿರ ಹೋಗಿ ಅತ್ತು ಮುಖ ತೊಳೆದುಕೊಂಡು ಬಂದಳು.

ಒಂದು ಮಧ್ಯಾಹ್ನ ನಿವೃತ್ತಿಯಾಗಿ ಚಿಕ್ಕತಿಮ್ಮಪ್ಪ ಬಂದಿಳಿದ. ಅವನು ಬಂದದ್ದು ಒಬ್ಬನೇ ಅಲ್ಲ. ಅವನ ಕಾಗದ ನೋಡಿ ಬಸ್ ನಿಲ್ದಾಣಕ್ಕೆ ಬಂದು ಕಾಯುತ್ತಿದ್ದ ಅಂಜನಪ್ಪನೂ ಟ್ರಂಕಿನ ಒಂದು ಕಡೆ ಹಿಡಿದುಕೊಂಡು ಜೊತೆಗೆ ಬಂದಿದ್ದ. ಹಿಂದೆ ಮುದ್ದಕ್ಕ.

“ಇವ್ರು ಬಾ ಬಾ ಅಂತ ಹಟ ಹಿಡಿದ್ರು, ಅದಕ್ಕೆ ಬಂದೆ” ಎಂದಳು ಮುದ್ದಕ್ಕ, ಅಕ್ಕನ ಮುಖ ನೋಡದೆ. “ನನಗೆ ಇನ್ನೂ ನೋವು ಹೋಗಿಲ್ಲ ಅಕ್ಕ.”

“ಹೋಗದೂ ಬ್ಯಾಡ ಕಣೇ. ಬಂದ್ಯಲ್ಲ, ಸಾಕು” ಎಂದಳು ಕಾಳಕ್ಕ. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋದಳು.

ಕಾಫಿ ಕಾಸಿ ಲೋಟಗಳನ್ನು ತಂದಾಗ ಗಂಡಸರಿಬ್ಬರೂ ಅಂಗಳದಲ್ಲಿ ಕುಳಿತು ಯಾವುದೋ ಹಳೆಯ ಹವಾಲ್ದಾರನ ಮಾತೆತ್ತಿ ಗಟ್ಟಿಯಾಗಿ ನಗುತ್ತಿದ್ದರು. ಕಾಳಕ್ಕ ಬಾಗಿಲಲ್ಲೇ ನಿಂತಳು. ಗಂಡನ ಆ ನಗುವನ್ನು ಅವಳು ತನ್ನ ಮನೆಯಲ್ಲಿ ಎಂದೂ ಕೇಳಿರಲಿಲ್ಲ. ಬಂದಾಗಿನಿಂದ ತನ್ನ ಜೊತೆ ಒಂದು ಮಾತೂ ಆಡದವನು ಅಂಜನಪ್ಪನ ಭುಜ ತಟ್ಟಿ ತಟ್ಟಿ ನಗುತ್ತಿದ್ದಾನೆ! ಆ ಹಳೆಯ ಉರಿ ಮತ್ತೆ ಎದೆಯಲ್ಲಿ ಎದ್ದಿತು. ಎದ್ದದ್ದನ್ನು ಅವಳು ಗುರುತಿಸಿದಳು. ಇದು ತನ್ನನ್ನು ಬಿಟ್ಟು ಹೋಗುವಂಥದ್ದಲ್ಲ, ಇದನ್ನು ಇಟ್ಟುಕೊಂಡೇ ಬಾಳಬೇಕು... ಉಸಿರನ್ನು ಒಳಗೆಳೆದುಕೊಂಡು, ಮೊದಲ ಲೋಟವನ್ನು ಅಂಜನಪ್ಪನಿಗೇ ಕೊಟ್ಟಳು.

ಚಿಕ್ಕತಿಮ್ಮಪ್ಪ ಎರಡನೆಯ ಲೋಟ ತೆಗೆದುಕೊಂಡ. ಒಂದು ಗುಟುಕು ಕುಡಿದ. ಆಮೇಲೆ ಕಲ್ಲುಬೆಂಚಿನ ಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿದ.

“ಲೇ, ನಿಂತೇ ಯಾಕಿದ್ದೀಯ? ಕುಂತ್ಕ ಬಾ.”