ಮೇಲೆ ಒಣಗಿದ ನಾರು

ತಪ್ಪು ಎಲ್ಲಿದೆ? ಬಕೆಟ್ಟಿನಲ್ಲಿ ಇರಲಾರದು, ಕಿಟಕಿಯ ಸರಳಿಗೆ ಕಟ್ಟಿದ ಮಟ್ಟದಲ್ಲೇ ಅದು ನೇತಾಡುತ್ತಿದೆ. ಟ್ಯೂಬಿನಲ್ಲೂ ಇಲ್ಲ, ಹನಿ ನಿಧಾನವಾಗಿಯೇ ಬೀಳುತ್ತಿದೆ. ಹಾಗಿದ್ದೂ ಗಿಡದ ಡಬ್ಬಿಗಳ ಕೆಳಗಿನ ತಟ್ಟೆ ತುಂಬಿ ನೀರು ನೆಲಕ್ಕೆ ಹರಿದಿದೆ. ಟೊಮೆಟೊ ಎಲೆ ಹಳದಿಯಾಗಿದೆ. ಅಥವಾ ತಪ್ಪು ತನ್ನಲ್ಲೇ ಇದೆಯೋ?

ಅಕ್ಕನ ಮನೆಯ ಹಿಂದಿನ ಕೋಣೆ ಅವನದು. ತೆಂಗಿನ ನಾರಿನ ಪುಡಿಯನ್ನು ಒತ್ತಿ ಮಾಡಿದ, ಇಟ್ಟಿಗೆಯಂಥ ಕೋಕೋಪೀಟನ್ನು ಟಬ್ಬಿನಲ್ಲಿ ನೆನೆಸಿ, ಅದು ಉಬ್ಬಿ ಸಡಿಲವಾಗುವುದನ್ನು ಮಕ್ಕಳ ಹಾಗೆ ನೋಡುತ್ತ ಕೂತಿದ್ದ. ಐಸ್‌ಕ್ರೀಮ್ ಡಬ್ಬಿಗಳಿಗೆ ತೂತು ಕೊರೆದು ತುಂಬಿದ್ದ. ಭಾವನ ಮೆಡಿಕಲ್ ಶಾಪಿನಲ್ಲಿ ಅವಧಿ ಮುಗಿದು ಮೂಲೆ ಸೇರಿದ್ದ ಗ್ಲೂಕೋಸ್ ಟ್ಯೂಬುಗಳೇ ಡ್ರಿಪ್. ಟ್ಯೂಬಿನ ಪುಟ್ಟ ಚಕ್ರ ತಿರುಗಿಸಿದರೆ ಹನಿ ಬೀಳುತ್ತದೆ, ಇನ್ನೊಂದು ಕಡೆಗೆ ತಿರುಗಿಸಿದರೆ ನಿಲ್ಲುತ್ತದೆ.

"ಗಿಡಗಳನ್ನೆಲ್ಲ ಆಸ್ಪತ್ರೆಗೆ ಅಡ್ಮಿಟ್ ಮಾಡಿದ ಹಾಗಿದೆ ಕಣೋ," ಎಂದಿದ್ದಳು ಅಕ್ಕ. "ಡಾಕ್ಟ್ರು ಮಾತ್ರ ಮೌನವ್ರತ."

ಮಾರನೆಯ ಮಧ್ಯಾಹ್ನ, ಮರೆತ ಊಟದ ಡಬ್ಬಿಗಾಗಿ ತಾನು ಕೆಲಸಕ್ಕಿದ್ದ ಕನ್ನಡಕದ ಅಂಗಡಿಯಿಂದ ಮನೆಗೆ ಬಂದಾಗ ಉತ್ತರ ಸಿಕ್ಕಿತು. ಮುಂದಿನ ಕೋಣೆಯಲ್ಲಿ ಅಕ್ಕನ ಜೊತೆ ಹೊಲಿಯಲು ಬರುವ ಹುಡುಗಿ ಅವನ ಗಿಡಗಳ ಮುಂದೆ ಕುಕ್ಕರುಗಾಲಲ್ಲಿ ಕೂತು, ಲೋಟದಿಂದ ನೀರು ಸುರಿಯುತ್ತಿದ್ದಳು. ಕುತ್ತಿಗೆಗೆ ಅಳತೆ ಟೇಪು, ತೋಳಿಗೆ ಅಂಟಿದ ಒಂದು ಕೆಂಪು ದಾರ.

"ಕುಡಿ ಮಾರಾಯ್ತಿ, ಯಾರೂ ಕೇಳೋರಿಲ್ಲ ನಿನ್ನ," ಎನ್ನುತ್ತಿದ್ದಳು ಪುದೀನಕ್ಕೆ.

ಅವನು ಕೆಮ್ಮಿದ. ಅವಳು ಬೆಚ್ಚಿದಳು. ಲೋಟದ ನೀರು ಅರ್ಧ ಅವಳ ಕಾಲ ಮೇಲೆ ಬಿತ್ತು.

"ಅಯ್ಯೋ, ಹೀಗಾ ಬರೋದು? ಬೆಕ್ಕಾದ್ರೂ ಮಿಯಾಂವ್ ಅನ್ನುತ್ತೆ!"

"ನೀರು... ನೀವೇ ಹಾಕ್ತಿದ್ದಿದ್ದಾ?"

"ಮತ್ತೆ ಇನ್ಯಾರು? ನೋಡಿ, ಮೇಲೆಲ್ಲ ಒಣಗಿ ಬೂದಿ ಬಣ್ಣಕ್ಕೆ ಬಂದಿದೆ. ಅಷ್ಟು ಉದ್ದದ ಟ್ಯೂಬು, ಬೀಳೋದು ಕಣ್ಣೀರಿನಷ್ಟು. ನಿಮಗೆ ಕರುಣೆ ಅನ್ನೋದೇ ಇಲ್ವಾ?"

ಕೋಕೋಪೀಟಿನ ಗುಣವೇ ಅದು. ಮೇಲ್ಪದರ ಬೇಗ ಒಣಗಿ ಮೋಸ ಮಾಡುತ್ತದೆ. ಬೆರಳಿನಷ್ಟು ಆಳಕ್ಕೆ ಹೋದರೆ ಒಳಗೆ ಒದ್ದೆ. ಇದನ್ನು ಹೇಳಿದರೆ ಒಂದು ಮಾತಿನ ಕೆಲಸ. ಆದರೆ ಹೇಳಿದ ಮೇಲೆ ಅವಳು ಈ ಕೋಣೆಗೆ ಯಾಕೆ ಬರುತ್ತಾಳೆ?

"ಹೌದಲ್ಲ," ಎಂದ. "ನಾನು ನೋಡೇ ಇರಲಿಲ್ಲ."

"ಕನ್ನಡಕದ ಅಂಗಡೀಲಿದ್ದೂ?" ಅವಳು ಓರೆಗಣ್ಣಿನಲ್ಲಿ ನೋಡಿದಳು. ನಗು ಮೊದಲು ಆ ಕಣ್ಣಿನ ಕೊನೆಗೆ ಬಂದು, ಸ್ವಲ್ಪ ತಡೆದು, ಆಮೇಲೆ ತುಟಿಗಿಳಿಯಿತು.

ಗಿಡ ಉಳಿಯಬೇಕು, ಅವಳೂ ಬರಬೇಕು. ಅಂದು ಸಂಜೆ ಅವನು ಚಕ್ರ ತಿರುಗಿಸಿ ಡ್ರಿಪ್ ನಿಲ್ಲಿಸಿದ.

ಟೊಮೆಟೊ ಚೇತರಿಸಿಕೊಂಡಿತು. ಊಟದ ಡಬ್ಬಿ ಮರೆಯುವುದು ಅವನಿಗೆ ಅಭ್ಯಾಸವಾಯಿತು. ಬೇರು ಕತ್ತಲಲ್ಲಿ ನೀರನ್ನು ಹೇಗೆ ಹುಡುಕುತ್ತದೆ, ಮಣ್ಣಿಲ್ಲದೆ ಹೂ ಬಿಡಲು ಧೈರ್ಯ ಎಲ್ಲಿಂದ ಬರುತ್ತದೆ ಎಂದು ಅವಳು ಕೇಳುವಳು. ಗೊತ್ತಿದ್ದಕ್ಕೆ ಉತ್ತರ ಕೊಡುವನು. ಗೊತ್ತಿಲ್ಲದ್ದಕ್ಕೆ ಇಬ್ಬರೂ ಬಗ್ಗಿ ಡಬ್ಬಿಯೊಳಗೆ ಇಣುಕುವರು. ಆಗ ಅವಳ ಟೇಪಿನ ತುದಿ ಅವನ ಮುಂಗೈಗೆ ತಾಗುತ್ತಿತ್ತು.

"ಬಕೆಟ್ ನೀರು ಇಳಿದೇ ಇಲ್ವಲ್ಲೋ," ಎಂದಳು ಅಕ್ಕ ಒಮ್ಮೆ. ಅವನು ಪುದೀನದ ಒಣ ಎಲೆ ಕೀಳತೊಡಗಿದ. "ಆಯ್ತು ಬಿಡು. ನಾನೇನು ಕಂಡೆ," ಎಂದು ನಗುತ್ತ ಹೋದಳು.

ಟೊಮೆಟೊ ಮೊದಲ ಹೂ ಬಿಟ್ಟ ವಾರ ಅವಳು ಲೋಟವಿಲ್ಲದೆ ಬಂದಳು. ದೊಡ್ಡ ಗಾರ್ಮೆಂಟ್ಸಿನಲ್ಲಿ ಕಟಿಂಗ್ ಕೆಲಸ ಸಿಕ್ಕಿದೆ, ಸೋಮವಾರದಿಂದ ಅಲ್ಲಿಗೆ ಎಂದಳು. ಒಳ್ಳೆಯದಾಯಿತು ಎಂದ.

ಅವಳು ಕೋಕೋಪೀಟಿನೊಳಗೆ ತೋರುಬೆರಳನ್ನು ಇಳಿಸಿದಳು. ಪೂರ್ತಿ, ಬುಡದವರೆಗೆ.

"ನಾನು ನೀರು ಹಾಕೋದನ್ನ ನೀವು ಹಿಡಿದ್ರಲ್ಲ, ಅದರ ಮಾರನೇ ದಿನವೇ ಹೀಗೆ ನೋಡಿದ್ದೆ. ಒಳಗೆ ಒದ್ದೆನೇ ಇತ್ತು."

"ಮತ್ತೆ ಯಾಕೆ ನೀರು ಹಾಕ್ತಾ ಬಂದ್ರಿ?"

"ನೀವ್ಯಾಕೆ ಬೇಡ ಅನ್ಲಿಲ್ಲ?"

ಮುಂದಿನ ಕೋಣೆಯಲ್ಲಿ ಅಕ್ಕನ ಹೊಲಿಗೆ ಮಿಷಿನ್ ನಿಂತಿತು.

"ಈಗ ಎಷ್ಟು ಹಾಕಿದ್ರೂ ಮೊದಲಿನ ಹಾಗೆ ತಟ್ಟೆಗೆ ಇಳಿಯಲ್ಲ," ಎಂದಳು ಮೆಲ್ಲಗೆ. "ನಿಮ್ಮ ಡ್ರಿಪ್ ಕೆಟ್ಟಿರಬೇಕು. ನಾನು ಬರ್ದೇ ಇದ್ರೆ ಇವು ಏನಾಗ್ಬೇಕು? ರಿಪೇರಿ ಮಾಡ್ಸಿ."

"ಅದು ರಿಪೇರಿ ಆಗಲ್ಲ."

"ಆಗೋದೇ ಇಲ್ವಾ?"

"ಇಲ್ಲ."

ಅವಳ ಬೆರಳು ಟ್ಯೂಬಿನ ಮೇಲೆ ಜಾರುತ್ತ ಬಂದು ಪುಟ್ಟ ಚಕ್ರದ ಹತ್ತಿರ ನಿಂತಿತು. ಒಂದು ಕ್ಷಣ ಅಲ್ಲೇ ಇದ್ದು, ತಿರುಗಿಸದೆ ಹಿಂದೆ ಸರಿಯಿತು.

"ಹಾಗಾದ್ರೆ ಭಾನುವಾರ ಬರ್ತೀನಿ. ಪ್ರತಿ ಭಾನುವಾರ," ಎಂದಳು. "ಗಿಡಕ್ಕಲ್ಲ."

ಅವಳು ಬಂದಳು. ವಾರವಿಡೀ ಚಕ್ರ ತೆರೆದಿರುತ್ತಿತ್ತು, ಶನಿವಾರ ಮುಚ್ಚಿಕೊಳ್ಳುತ್ತಿತ್ತು. ಮುಂದೆ ಅವಳು ಅದೇ ಕೋಣೆಗೆ ತನ್ನ ಹೊಲಿಗೆ ಮಿಷಿನ್ ಸಮೇತ ಬಂದು ನೆಲೆಸಿದ ಮೇಲೂ ಬೆಳಿಗ್ಗೆ ಲೋಟ ಹಿಡಿದು ಗಿಡಗಳ ಮುಂದೆ ಕೂರುವುದು ಬಿಡಲಿಲ್ಲ.

ಡ್ರಿಪ್ ಎಂದೂ ಕೆಟ್ಟಿರಲಿಲ್ಲ ಎಂಬುದನ್ನು ಅವನು ಅವಳಿಗೆ ಕೊನೆಯವರೆಗೂ ಹೇಳಲಿಲ್ಲ.