ಶಿಖರದಿಂದ ಕಾಣದ ಥಾಣೆ

ಥಾಣೆಯ ಅಂಚಿಗಿರುವ ಯೇವೂರಿನ ಕಾಡಿನೊಳಗಿನ ಆ ಶಿಖರ ಹತ್ತಲು ಹೋಗಿ ನಾನೂ ತಮ್ಮ ಮನೀಶನೂ ಎರಡು ಸಲ ಅರ್ಧದಿಂದಲೇ ವಾಪಸಾಗಿದ್ದೆವು. "ಈ ಸಲ ಬಿಡುದಿಲ್ಲ ಅಕ್ಕ" ಎಂದು ಅವನೇ ಹಟ ಹಿಡಿದ.

ಮಟಮಟ ಮಧ್ಯಾಹ್ನ ತುದಿ ಮುಟ್ಟಿದೆವು. ಬಿಸಿಲಿಗೆ ಕಾದಿರಬೇಕಾದ ಬಂಡೆ ತಣ್ಣಗಿತ್ತು. ಕೆಳಗೆ ಥಾಣೆ ಇರಲಿಲ್ಲ. ಮಂಜೂ ಇರಲಿಲ್ಲ, ದೂರದಲ್ಲಿ ಸಮುದ್ರ ಒಳಚಾಚಿದ ಖಾಡಿಯ ನೀರು ಹೊಳೆಯುತ್ತಿತ್ತು, ಅಲ್ಲಿಯವರೆಗೂ ಬರೀ ಕಾಡು. ಲೋಕಲ್ ಟ್ರೇನಿನ ಹಾರನ್ ಮಾತ್ರ ಸ್ಪಷ್ಟವಾಗಿ ಕೇಳಿಸಿತು.

"ಮನೀಶ, ಊರೆಲ್ಲಿ?" ಎಂದೆ. ಪಕ್ಕದಲ್ಲೇ ಕೂತವನು ಉತ್ತರಿಸಲಿಲ್ಲ. ಭುಜ ಹಿಡಿದು ಅಲುಗಿಸಿದರೂ ತಿರುಗಲಿಲ್ಲ. ಇಷ್ಟು ಕಷ್ಟಪಟ್ಟು ಹತ್ತಿದ ಮೇಲೂ ನನ್ನನ್ನು ಆಟವಾಡಿಸುತ್ತಿದ್ದಾನೆಂದು ರೇಗಿ ಒಬ್ಬಳೇ ಇಳಿದೆ.

ಸಂಜೆ ಮನೆಗೆ ಬಂದವನು ನನಗಿಂತ ಹೆಚ್ಚು ರೇಗಿದ್ದ.

"ಎಂತ ಮಾರಾಯ್ತಿ, ಮೇಲಿಂದ ನೌಪಾಡಾದವರೆಗೆ ಊರೆಲ್ಲ ಕಾಣ್ತಿತ್ತು. ನೀನೊಬ್ಬಳೇ ಕಾಣ್ಲಿಲ್ಲ. ಎಷ್ಟು ಕರೆದೆ ಗೊತ್ತುಂಟಾ?"

ಕೂಗಿ ಕೂಗಿ ಅವನ ದನಿ ನಿಜವಾಗಿಯೂ ಒಡೆದುಹೋಗಿತ್ತು.