ಮಗುಚಿಟ್ಟ ಬಂಪರ್

"ಆ ಬಂಪರ್ ಮುಟ್ಟಬೇಡಿ!"

ಭವ್ಯಳ ದನಿಗೆ ಇಡೀ ಶೆಡ್ಡೇ ತಿರುಗಿ ನೋಡಿತು. ಕೆಂಪು ಸ್ಟಿಕ್ಕರ್ ಅಂಟಿಸಿದ್ದ ರಾಶಿಯಿಂದ ಕಾರಿನ ಬಂಪರೊಂದನ್ನು ಎತ್ತಿಕೊಂಡಿದ್ದ ಯುವಕ ಅಲ್ಲೇ ನಿಂತ.

"ಅದು ರಿಜೆಕ್ಟ್ ಆಗಿರೋದು. ಕೆಂಪು ಕಾಣಿಸಲ್ವಾ?"

"ಕಾಣಸ್ತೈತ್ರಿ... ಅದಕ್ಕ ತಗೊಂಡೆ. ನಾನು ಕೇದಾರ್. ಇವತ್ತ ಕೆಲಸಕ್ಕ ಸೇರೀನಿ."

ನಗುತ್ತಿದ್ದ! ಭವ್ಯಳಿಗೆ ಮೈ ಉರಿಯಿತು.

ಅದು ೨೦೦೭. ಟಿನ್ ಫ್ಯಾಕ್ಟರಿ ಸ್ಟಾಪ್ ದಾಟಿ, ಹಳೇ ಮದ್ರಾಸ್ ರಸ್ತೆಗೆ ಅಂಟಿಕೊಂಡಿದ್ದ ಕಾರ್ಖಾನೆ. ಅಲ್ಲಿ ತಯಾರಾಗುವ ಪ್ಲಾಸ್ಟಿಕ್ ಬಂಪರುಗಳು ಸರಿಯಿವೆಯೇ ಎಂದು ನೋಡುವುದು ಭವ್ಯಳ ಕೆಲಸ. ಕಾರಿನ ಮೂತಿಯಂತಿದ್ದ ಕಬ್ಬಿಣದ ಚೌಕಟ್ಟಿಗೆ ಬಂಪರನ್ನು ಬಿಗಿದು, ಸಂದು ನೋಡಿ, ಹಸಿರೋ ಕೆಂಪೋ ಅಂಟಿಸುತ್ತಿದ್ದಳು. ಹೊಸ ಮಾದರಿಯ ಕಾರಿಗೆ ಚೌಕಟ್ಟು ಬರಲಿಲ್ಲ; ಸೊಟ್ಟ ಕಂಡದ್ದಕ್ಕೆಲ್ಲ ಕಣ್ಣಂದಾಜಿನಲ್ಲೇ ಕೆಂಪು ಅಂಟಿಸುತ್ತಿದ್ದಳು. ಬದಲಿಗೆ ಬಂದದ್ದು ಈ ಗದಗಿನ ಕೇದಾರ್, ಆಕಾರ ಅಳೆಯುವ ಒಂದು ಸ್ಕ್ಯಾನರು, ಒಂದು ಕಂಪ್ಯೂಟರು.

ಮೇಜಿನ ಮೇಲೆ ಅವನೆತ್ತಿಕೊಂಡಿದ್ದ ಬಂಪರು ತನ್ನ ಭಾರಕ್ಕೆ ತಾನೇ ಜೋತು ತಿರುಚಿಕೊಂಡಿತ್ತು. ಅವನು ಸ್ಕ್ಯಾನ್ ಮಾಡಿದ. ಪರದೆಯ ಮೇಲೆ ಆ ಸೊಟ್ಟ ಬಂಪರು ಮೆಲ್ಲಗೆ ಬಳುಕಿ, ನೆಟ್ಟಗಾಗಿ, ಇಲ್ಲದ ಕಾರಿಗೆ ಸಲೀಸಾಗಿ ಕೂತಿತು.

"ಇದು ಬಾಗೋ ವಸ್ತು ನೋಡ್ರಿ. ಮೇಜಿನ ಮ್ಯಾಲೆ ಒಂದು ಆಕಾರ, ಕಾರಿನ್ಯಾಗ ಇನ್ನೊಂದು. ಭಾರ ಕಳೆದು ಬೋಲ್ಟ್ ಬಿಗಿದ್ರ ಹೆಂಗ ಕೂಡ್ತೈತಿ ಅಂತ ಕಂಪ್ಯೂಟರ್ ಲೆಕ್ಕ ಹಾಕ್ತೈತಿ. ಪಾಸ್!"

"ಕಂಪ್ಯೂಟರಲ್ಲಿ ಯಾರನ್ನ ಬೇಕಾದ್ರೂ ನೆಟ್ಟಗೆ ಮಾಡ್ಬಹುದು!"

ಅಂದಳೇನೋ ನಿಜ. ಆದರೆ ತಿಂಗಳು ಕಳೆಯುವಷ್ಟರಲ್ಲಿ ಅವಳ ಕಣ್ಣು ಅವಳ ಮಾತು ಕೇಳದೆ ಅವನತ್ತಲೇ ಹೊರಳುತ್ತಿತ್ತು. ಸಂಜೆ ಬಸ್ ನಿಲ್ದಾಣದವರೆಗೆ ಇಬ್ಬರೂ ಜೊತೆಯಾಗಿ ನಡೆಯುವುದು ರೂಢಿಯಾಯಿತು.

ಒಂದು ದಿನ, ಅಷ್ಟೊಂದು ಹಾರನ್ನುಗಳ ನಡುವೆ, ಕೇದಾರ್ ಕೇಳಿಯೇಬಿಟ್ಟ.

"ನಿಮ್ಮ ಮನೀಗೆ ಬಂದು ತಂದೆಯವರ ಕೂಡ ಮಾತಾಡ್ಲ್ಯಾ?"

ಭವ್ಯ ಸರಕ್ಕನೆ ಬಸ್ ಹತ್ತಿದಳು. ಮನೆ ಬರುವವರೆಗೂ ತುಟಿಯ ನಗು ಇಳಿಯಲಿಲ್ಲ.

ಮರುದಿನ ಮ್ಯಾನೇಜರ್ ವಸಂತ್ ಕರೆದರು. "ಇನ್ಮೇಲೆ ಕೇದಾರ್ ಪಾಸ್ ಅಂದ್ರೆ ಹಸಿರು ಅಂಟಿಸಮ್ಮ. ಸ್ಟಿಕ್ಕರ್ ಮೇಲೆ ಹೆಸರು ಮಾತ್ರ ನಿಂದೇ ಇರುತ್ತೆ."

ಭವ್ಯ ತಲೆಯಾಡಿಸಿ ಹೊರಬಂದಳು.

ನಿನ್ನೆ ಮನೆಗೆ ಬರ್ತೀನಿ ಅಂದ... ಇವತ್ತು ನನ್ನ ಹೆಸರು ಬೇಕು! ಅವನಿಗೆ ಬೇಕಾಗಿರೋದು ನಾನೋ, ನನ್ನ ಹಸಿರು ಸ್ಟಿಕ್ಕರೋ?

"ಏನೇ, ಮುಖ ಹುಣಸೆಹಣ್ಣು ಆಗಿದೆ?" ಪ್ಯಾಕಿಂಗ್ ವಿಭಾಗದ ಗೆಳತಿ ಆಬಿದಾ ಕೆಣಕಿದಳು.

"ಅವನು ನನ್ನ ಇಷ್ಟ ಪಡ್ತಿದ್ದಾನೋ, ಬುಟ್ಟಿಗೆ ಹಾಕ್ಕೊಳ್ತಿದ್ದಾನೋ ಗೊತ್ತಾಗ್ತಿಲ್ಲ ಕಣೇ."

"ಅರೇ! ರಸೆಲ್ ಮಾರ್ಕೆಟಲ್ಲಿ ಕಲ್ಲಂಗಡಿನೂ ತಟ್ಟಿ ನೋಡಿ ತಗೋತೀವಿ. ಗಂಡನ್ನ ಹಂಗೇ ತಗೋತೀಯಾ? ತಟ್ಟು!"

ತಟ್ಟಿಯೇ ನೋಡಿದಳು. ಅವನ ಲೆಕ್ಕ ನಿಜವಾದರೆ ಒಂದೇ ಬಂಪರಿಗೆ ಎರಡು ಸಲವೂ ಒಂದೇ ಉತ್ತರ ಬರಬೇಕು.

ಸ್ಕ್ಯಾನ್ ಮಾಡುವುದನ್ನು ಆಗಲೇ ಅವಳೂ ಕಲಿತಿದ್ದಳು. ಕೇದಾರ್ ಒಳಕೋಣೆಯಲ್ಲಿ ಕಂಪ್ಯೂಟರ್ ನೋಡುತ್ತಿದ್ದ. ಬೆಳಿಗ್ಗೆ ಅವನು ಪಾಸ್ ಮಾಡಿದ ಬಂಪರೊಂದನ್ನು ಊಟದ ಹೊತ್ತಿನಲ್ಲಿ ಮಗುಚಿ, ಒಳಮೈಯ ನಂಬರ್ ಚೀಟಿ ಕಿತ್ತು, ಬೇರೆ ನಂಬರ್ ಅಂಟಿಸಿದಳು. ಯಾರಾದರೂ ಬಂದಾರೆಂಬ ಅವಸರದಲ್ಲಿ ಹಾಗೇ ಸ್ಕ್ಯಾನ್ ಮಾಡಿ, ಚಿತ್ರವನ್ನು ಅವನ ಕಂಪ್ಯೂಟರಿಗೆ ಕಳಿಸಿದಳು.

ಕೇದಾರ್ ಹೊರಬಂದ. "ಇದು ಫೇಲ್ ಆತ್ರಿ."

"ಬೆಳಿಗ್ಗೆ ನೀವು ಪಾಸ್ ಮಾಡಿದ್ದೂ ಇದೇ ಬಂಪರ್! ನಂಬರ್ ಬದಲಾಯಿಸಿದ್ದು ನಾನೇ. ಸಾಕು ನಿಮ್ಮ ನಾಟಕ!"

ಗೆದ್ದಿದ್ದಳು.

ಅವನ ಮುಖ ಬಿಳಿಚಿಕೊಂಡಿತು. ನೇರ ಮ್ಯಾನೇಜರ್ ಕೋಣೆಗೆ ನಡೆದ. ಭವ್ಯ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು.

"ಸರ್, ನಾನು ಪಾಸ್ ಮಾಡಿದ್ದು ಒಂದೂ ಲಾರಿ ಹತ್ತಬಾರ್ದು. ನನ್ನ ಲೆಕ್ಕದಾಗ ತಪ್ಪೈತಿ."

"ಲಾರಿ ಗೇಟಲ್ಲಿ ನಿಂತಿದೆ ಕಣಪ್ಪಾ! ತಪ್ಪು ಅಂತ ಯಾರು ಹೇಳಿದ್ದು?"

"ಭವ್ಯ ಹೇಳ್ಯಾರ."

"ಅವಳು ಹೇಳ್ಬಿಟ್ರೆ ಆಯ್ತಾ? ನಿನ್ನ ಕೆಲಸ ಹೋಗುತ್ತೆ, ಗೊತ್ತಾ?"

"ಹೋಗ್ಲಿ ಬಿಡ್ರಿ. ನಿಲ್ಲಸ್ರಿ."

ಮೋಸ ಮಾಡೋನು ಹೀಗೆ ಮಾಡ್ತಾನಾ?

ಭವ್ಯ ಮೇಜಿನತ್ತ ಓಡಿದಳು. ಬಂಪರು ಒಳಮೈ ಮೇಲಾಗಿ ಮಲಗಿತ್ತು. ದಿನಾ ಹೊರಮೈ ಮೇಲಿರುತ್ತಿತ್ತು... ಮಗುಚಿದರೆ ಜೋಲುವ ದಿಕ್ಕೂ ಬದಲಾಗುತ್ತದಲ್ಲ! ಕಂಪ್ಯೂಟರಿಗೆ ಅದನ್ನು ಹೇಳಿದವರು ಯಾರು? ಅದು ಎಂದಿನ ದಿಕ್ಕಿನಲ್ಲೇ ಭಾರ ಕಳೆದಿದೆ!

ಮ್ಯಾನೇಜರ್ ಕೋಣೆಗೆ ಮರಳಿ ಓಡಿದಳು. "ಸಾರ್, ತಪ್ಪು ನಂದು! ನಾನು ಮಗುಚಿಟ್ಟು ಸ್ಕ್ಯಾನ್ ಮಾಡ್ಬಿಟ್ಟೆ..."

ಮೂವರೂ ಒಳಕೋಣೆಗೆ ಹೋದರು. ಕೇದಾರ್ ಕಂಪ್ಯೂಟರಿಗೆ ಬಂಪರು ಮಲಗಿದ ಮಗ್ಗುಲು ತಿಳಿಸಿ ಮತ್ತೆ ಲೆಕ್ಕ ಹಾಕಿಸಿದ. ಪರದೆಯ ಮೇಲೆ ಬಂಪರು ಬಳುಕಿತು. ಕೂತಿತು.

"ನಿಮ್ಮಿಬ್ಬರಿಂದ ನನಗೆ ಬಿ.ಪಿ. ಬರುತ್ತೆ!" ವಸಂತ್ ಗೊಣಗುತ್ತಾ ಲಾರಿ ಕಳಿಸಲು ಹೋದರು.

ಕೋಣೆಯಲ್ಲಿ ಇಬ್ಬರೇ ಉಳಿದರು.

"ನಾನು ಸುಳ್ಳು ಹೇಳಿರ್ಬಹುದು ಅಂತ ನಿಮಗೆ ಅನ್ನಿಸ್ಲೇ ಇಲ್ವಾ?"

"ಕಂಪ್ಯೂಟರ್ ಮ್ಯಾಲೆ ಅನುಮಾನ ಬಂತು. ನಿಮ್ಮ ಮ್ಯಾಲೆ ಬರಲಿಲ್ರಿ."

ಭವ್ಯಳ ಕಣ್ಣು ತುಂಬಿತು. "ನೀವು ಮನೆಗೆ ಬರ್ತೀನಿ ಅಂದಿದ್ದೂ ಸ್ಟಿಕ್ಕರ್‌ಗೋಸ್ಕರ ಅಂದ್ಕೊಂಡಿದ್ದೆ ನಾನು..."

"ನಿಮಗ ಸರಿ ಅನ್ನಿಸ್ಲಿಲ್ಲಂದ್ರ ನಾನು ಪಾಸ್ ಮಾಡಿದ್ದಕ್ಕೂ ಕೆಂಪು ಅಂಟಸ್ರಿ. ಅದಕ್ಕೂ ಇದಕ್ಕೂ ಏನ್ ಸಂಬಂಧ? ನನಗ ನೀವು ಬೇಕು."

"ಭಾನುವಾರ ಬನ್ನಿ."

"ಖರೇನ?"

"ನಮ್ಮಪ್ಪ ನನಗಿಂತ ಅನುಮಾನದ ಮನುಷ್ಯ. ಗದಗಿನ ಹುಡುಗ ನಮ್ಮ ಕೆ.ಆರ್. ಪುರದ ಸೈಟ್ ನೋಡ್ಕೊಂಡು ಬಂದಿದ್ದಾನೆ ಅಂತಾರೆ."

"ಆವಾಗ ನೀವೇನಂತೀರಿ?"

"ಏನೂ ಅನ್ನಲ್ಲ..." ಅವಳು ಮೊದಲ ಸಲ ಅವನ ಕೈ ಹಿಡಿದಳು. "ಎದ್ದು ಬಂದು ನಿಮ್ಮ ಪಕ್ಕದಲ್ಲಿ ಕೂತ್ಕೋತೀನಿ."